ಮಲ್ಟಿಕ್ಲಾಸ್ ಕ್ಯಾಸ್ಟರ್ ಕೈಕೊಡುತ್ತಿದೆಯಾ? ದೋಷ ಹುಡುಕುವ ಬಗೆ

"ಗುರು, ಎರಡೆರಡು ಕ್ಲಾಸಿನ ಸ್ಪೆಲ್ ಇದೆ, ಆದ್ರೂ ಫೈಟಲ್ಲಿ ಏನೂ ಮಾಡಕ್ಕಾಗ್ತಿಲ್ಲ." ಬೆಂಗಳೂರಿನ ಭಾನುವಾರದ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರಾಗನ್ಸ್, ದಾಳ ಉರುಳಿಸಿ ಕಥೆ ಕಟ್ಟುವ ಆಟ) ಟೇಬಲ್‌ಗಳಲ್ಲಿ ಈ ಗೋಳು ಹೊಸದೇನಲ್ಲ. ಹೇಳುವವರು ಮಲ್ಟಿಕ್ಲಾಸ್ ಕ್ಯಾಸ್ಟರ್ ಆಡುವವರು, ಅಂದರೆ ಎರಡು ಕ್ಲಾಸ್ (ಪಾತ್ರದ ವೃತ್ತಿ) ಬೆರೆಸಿ ಸ್ಪೆಲ್ (ಮಂತ್ರ) ಹಾಕುವ ಪಾತ್ರ ಮಾಡಿಕೊಂಡವರು. ಪಕ್ಕದ ಕುರ್ಚಿಯ ಸಾದಾ ವಿಝಾರ್ಡ್ ಒಂದು ಫೈರ್‌ಬಾಲ್ ಎಸೆದು ಅರ್ಧ ಮ್ಯಾಪ್ ಖಾಲಿ ಮಾಡುತ್ತಾನೆ. ಇವರು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಸ್ಪೆಲ್) ಹಾಕಿಕೊಂಡು ಕೂತಿರುತ್ತಾರೆ. ಸ್ಪೆಲ್ ಪಟ್ಟಿ ನೋಡಿದರೆ ಹನುಮಂತನ ಬಾಲದ ಹಾಗೆ ಉದ್ದ ಇರುತ್ತದೆ, ಕೆಲಸಕ್ಕೆ ಬರುವುದು ಮಾತ್ರ ಎರಡೋ ಮೂರೋ.

ಇಂಥ ಹೊತ್ತಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ಕ್ಯಾರೆಕ್ಟರ್ ಬಿಸಾಕು, ಹೊಸದು ಮಾಡು. ಅಷ್ಟು ಅವಸರ ಬೇಡ. ದೋಷ ಮೂರು ಕಡೆ ಇರಬಹುದು. ಶೀಟಿನ ಲೆಕ್ಕದಲ್ಲಿ, ಲೆವೆಲ್ ಹಂಚಿಕೊಂಡ ರೀತಿಯಲ್ಲಿ, ಇಲ್ಲವೇ ಆಡುವ ರೀತಿಯಲ್ಲಿ. ಇದೇ ಕ್ರಮದಲ್ಲಿ ನೋಡಿ. ಮೊದಲನೆಯದನ್ನು ಸರಿ ಮಾಡಲು ಪೆನ್ಸಿಲ್, ರಬ್ಬರ್ ಸಾಕು. ಕೊನೆಯದಕ್ಕೆ ಅಭ್ಯಾಸ ಬದಲಾಯಿಸಬೇಕು. ನಡುವಿನದಕ್ಕೆ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಕೃಪೆ ಬೇಕು, ಇಲ್ಲವೇ ತಾಳ್ಮೆ ಬೇಕು.

ಇಲ್ಲಿ ಹೇಳುವುದೆಲ್ಲ ಐದನೇ ಆವೃತ್ತಿಗೆ ಮಾತ್ರ.

ಯಾವ ಪುಸ್ತಕ ಇಟ್ಟುಕೊಂಡು ಆಡುತ್ತಿದ್ದೀರಿ?

ಸುಮ್ನೆ ಕೇಳುತ್ತಿಲ್ಲ. ಐದನೇ ಆವೃತ್ತಿಯ ನಿಯಮ ಪುಸ್ತಕ ಮೊದಲು ಬಂದದ್ದು 2014ರಲ್ಲಿ. ಪರಿಷ್ಕರಿಸಿದ್ದು ಬಂದದ್ದು 2024ರಲ್ಲಿ. ಒಬ್ಬರ ಬ್ಯಾಗಿನಲ್ಲಿ ಹಳೆಯದು, ಇನ್ನೊಬ್ಬರ ಫೋನಿನಲ್ಲಿ ಹೊಸದು. ಹೀಗಿದ್ದಾಗ ಸಾದಾ ಕ್ಲಾಸ್ ಹೇಗೋ ನಡೆದುಹೋಗುತ್ತದೆ, ಮಲ್ಟಿಕ್ಲಾಸ್ ನಡೆಯುವುದಿಲ್ಲ.

ಹಳೆಯದರಲ್ಲಿ ಕ್ಲೆರಿಕ್, ಸಾರ್ಸರರ್, ವಾರ್ಲಾಕ್ ಮೂವರಿಗೂ ಸಬ್‌ಕ್ಲಾಸ್ (ಕ್ಲಾಸಿನ ಒಳಗಿನ ಕವಲು) ಮೊದಲ ಲೆವೆಲ್‌ನಲ್ಲೇ ಸಿಗುತ್ತಿತ್ತು. ಹೊಸದರಲ್ಲಿ ಎಲ್ಲರಿಗೂ ಮೂರನೇ ಲೆವೆಲ್‌ಗೆ. "ಒಂದು ಲೆವೆಲ್ ತಗೊಂಡು ಸಬ್‌ಕ್ಲಾಸ್ ಹೊಡ್ಕೊಂಡ್ ಬರೋಣ" ಎನ್ನುವ ಹಳೆಯ ಬಿಲ್ಡ್‌ಗಳೆಲ್ಲ (ಕ್ಯಾರೆಕ್ಟರ್ ಕಟ್ಟುವ ಯೋಜನೆಗಳು) ಅಲ್ಲಿಗೇ ಬಿದ್ದುಹೋಗುತ್ತವೆ. ಪ್ಯಾಲಡಿನ್‌ನ ಡಿವೈನ್ ಸ್ಮೈಟ್ ಹಳೆಯದರಲ್ಲಿ ಪೆಟ್ಟು ಬಿದ್ದ ಮೇಲೆ ಸ್ಲಾಟ್ (ಸ್ಪೆಲ್ ಹಾಕಲು ಖರ್ಚಾಗುವ ಸೀಮಿತ ಅವಕಾಶ) ಸುಟ್ಟು ಸೇರಿಸುವ ಡ್ಯಾಮೇಜ್. ಹೊಸದರಲ್ಲಿ ಅದೇ ಒಂದು ಸ್ಪೆಲ್, ಬೋನಸ್ ಆ್ಯಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ಕ್ರಿಯೆ) ತಿನ್ನುತ್ತದೆ. ಸ್ಪಿರಿಚುಯಲ್ ವೆಪನ್‌ಗೆ ಹಳೆಯದರಲ್ಲಿ ಕಾನ್ಸಂಟ್ರೇಷನ್ (ಸ್ಪೆಲ್ ನಿಲ್ಲಲು ಅದರ ಮೇಲೇ ಇಡಬೇಕಾದ ಗಮನ) ಬೇಡ, ಹೊಸದರಲ್ಲಿ ಬೇಕು. ಹಾಗಾಗಿ ಯಾವ ವರ್ಷದ ನಿಯಮ ಅಂತ ಶೀಟಿನ ಮೂಲೆಯಲ್ಲಿ ಬರೆದುಕೊಳ್ಳಿ. ಅಂತರ್ಜಾಲದಲ್ಲಿ ಸಿಕ್ಕ ಬಿಲ್ಡ್ ನಕಲು ಮಾಡಿದ್ದರೆ ಅದು ಯಾವ ವರ್ಷದ್ದು ಅಂತಲೂ ನೋಡಿ.

ಸ್ಲಾಟ್ ಎಣಿಕೆ ಸರಿ ಇದೆಯಾ?

ಬಾರ್ಡ್, ಕ್ಲೆರಿಕ್, ಡ್ರೂಯಿಡ್, ಸಾರ್ಸರರ್, ವಿಝಾರ್ಡ್: ಇವರ ಲೆವೆಲ್ ಪೂರ್ತಿ ಕೂಡಿಸಿ. ಪ್ಯಾಲಡಿನ್, ರೇಂಜರ್ ಲೆವೆಲ್‌ನಲ್ಲಿ ಅರ್ಧ. 2014ರಲ್ಲಿ ಉಳಿದ ಅರ್ಧವನ್ನು ಬಿಡಬೇಕು, 2024ರಲ್ಲಿ ಮೇಲಕ್ಕೆ ಏರಿಸಬೇಕು. ಎಲ್ಡ್ರಿಚ್ ನೈಟ್ ಫೈಟರ್, ಆರ್ಕೇನ್ ಟ್ರಿಕ್‌ಸ್ಟರ್ ರೋಗ್ ಆದರೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಬಿಡಿ. ಬಂದ ಮೊತ್ತವನ್ನು ಮಲ್ಟಿಕ್ಲಾಸ್ ಕೋಷ್ಟಕದಲ್ಲಿ ನೋಡಿ. ಹಳೆಯ ನಿಯಮದ ಪ್ಯಾಲಡಿನ್ 3, ಸಾರ್ಸರರ್ 4 ಇದ್ದರೆ 1 + 4 = 5. ಅಂದರೆ ಮೊದಲ ಲೆವೆಲ್ ಸ್ಲಾಟ್ 4, ಎರಡನೆಯದು 3, ಮೂರನೆಯದು 2.

ತಪ್ಪು ಜಾಸ್ತಿ ಆಗುವುದು ವಾರ್ಲಾಕ್ ಹತ್ತಿರ. ವಾರ್ಲಾಕ್ ಲೆವೆಲ್ ಈ ಮೊತ್ತಕ್ಕೆ ಸೇರುವುದೇ ಇಲ್ಲ. ಸಾರ್ಸರರ್ 5, ವಾರ್ಲಾಕ್ 2 ಇದ್ದರೆ ಅದು ಏಳಲ್ಲ, ಐದೇ. ವಾರ್ಲಾಕ್‌ನ ಎರಡು ಮೊದಲ ಲೆವೆಲ್ ಸ್ಲಾಟ್ ಬೇರೆ ಖಾತೆ, ಶಾರ್ಟ್ ರೆಸ್ಟ್ (ಆಟದೊಳಗಿನ ಚಿಕ್ಕ ವಿಶ್ರಾಂತಿ) ಆದಾಗ ತುಂಬಿಕೊಳ್ಳುತ್ತದೆ. ಆದರೆ ಖರ್ಚು ಮಾಡುವಾಗ ಯಾವ ಕ್ಲಾಸಿನ ಸ್ಪೆಲ್‌ಗೆ ಯಾವ ಸ್ಲಾಟ್ ಬೇಕಾದರೂ ಹಾಕಬಹುದು. ಇದು ಗೊತ್ತಿಲ್ಲದೆ ಕೆಲವರು ವಾರ್ಲಾಕ್ ಸ್ಲಾಟನ್ನು ಹೆಕ್ಸ್‌ಗೆ ಅಂತ ಎತ್ತಿಟ್ಟು ಅಧ್ಯಾಯ ಮುಗಿಯುವವರೆಗೂ ಮುಟ್ಟುವುದಿಲ್ಲ. ಅದೇ ಸ್ಲಾಟ್‌ನಲ್ಲಿ ಸಾರ್ಸರರ್‌ನ ಶೀಲ್ಡ್ ಸ್ಪೆಲ್ ಹಾಕಬಹುದಿತ್ತು.

ಇದರ ಜೊತೆಗೆ ಮೂರು ಸಣ್ಣ ವಿಷಯ. ಪ್ರೊಫಿಷಿಯನ್ಸಿ ಬೋನಸ್ (ಪಳಗಿದ ಕೆಲಸದ ರೋಲ್‌ಗೆ ಸೇರುವ ಅಂಕ) ಮತ್ತು ಕ್ಯಾಂಟ್ರಿಪ್ ಡ್ಯಾಮೇಜ್ ಒಟ್ಟು ಲೆವೆಲ್ ನೋಡುತ್ತವೆ. ಕ್ಯಾಂಟ್ರಿಪ್ ಏರುವುದು 5, 11, 17ರಲ್ಲಿ. ಸ್ಕೋರ್ (ಇಂಟೆಲಿಜೆನ್ಸ್, ವಿಸ್ಡಮ್ ಥರದ ಸಾಮರ್ಥ್ಯದ ಅಂಕ) ಹೆಚ್ಚಿಸುವ ಅವಕಾಶ ಅಥವಾ ಫೀಟ್ (ವಿಶೇಷ ಕೌಶಲ) ಮಾತ್ರ ಆಯಾ ಕ್ಲಾಸಿನ ಲೆವೆಲ್ 4, 8 ಹೀಗೆ ಬರುತ್ತದೆ. ಕೊನೆಯದನ್ನು ನೆನಪಿಟ್ಟುಕೊಳ್ಳಿ, ಈಗಲೇ ಬೇಕಾಗುತ್ತದೆ.

ಸ್ಲಾಟ್ ಇದೆ, ಹಾಕಲು ಸ್ಪೆಲ್ ಇಲ್ಲ

ನಾನು ನೋಡಿದ ಮಟ್ಟಿಗೆ ಈ ದೋಷವೇ ಎಲ್ಲಕ್ಕಿಂತ ಜಾಸ್ತಿ. ಒಂದು ಶೀಟ್ ಬಿಡಿಸಿ ನೋಡೋಣ. ಕ್ಲೆರಿಕ್ 3, ವಿಝಾರ್ಡ್ 3, ಒಟ್ಟು ಆರು. ಇಂಟೆಲಿಜೆನ್ಸ್ 16, ವಿಸ್ಡಮ್ 14.

ಸ್ಲಾಟ್ ನೋಡಿದರೆ 4, 3, 3. ಸಾದಾ ವಿಝಾರ್ಡ್ 6ಕ್ಕೂ ಅಷ್ಟೇ. ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಯಾವ ಸ್ಪೆಲ್ ಕಲಿಯಬಹುದು ಅನ್ನುವುದನ್ನು ಒಂದೊಂದು ಕ್ಲಾಸಿಗೂ ಬೇರೆ ಬೇರೆಯಾಗಿ ನೋಡಬೇಕು, ಆ ಕ್ಲಾಸ್ ಒಂದೇ ಇದ್ದ ಹಾಗೆ. ಮೂರನೇ ಲೆವೆಲ್ ಕ್ಲೆರಿಕ್‌ಗೆ ಎರಡನೇ ಲೆವೆಲ್ ಸ್ಪೆಲ್‌ವರೆಗೆ ಮಾತ್ರ. ಮೂರನೇ ಲೆವೆಲ್ ವಿಝಾರ್ಡ್‌ಗೂ ಹಾಗೇ. ಆ ಮೂರು ಮೂರನೇ ಲೆವೆಲ್ ಸ್ಲಾಟ್‌ಗಳಿಗೆ ಹೊಂದುವ ಸ್ಪೆಲ್ ಎರಡೂ ಕಡೆ ಇಲ್ಲ. ಫೈರ್‌ಬಾಲ್ ಇಲ್ಲ, ಸ್ಪಿರಿಟ್ ಗಾರ್ಡಿಯನ್ಸ್ ಇಲ್ಲ. "ಸ್ಲಾಟ್ ಇದೆಯಲ್ಲ, ಸ್ಕ್ರೋಲ್ ನೋಡಿ ಫೈರ್‌ಬಾಲನ್ನ ಪುಸ್ತಕಕ್ಕೆ ಬರ್ಕೊತೀನಿ" ಎಂದು ವಾದ ಮಾಡುವವರು ಪ್ರತಿ ಟೇಬಲ್‌ನಲ್ಲೂ ಒಬ್ಬರು ಇರುತ್ತಾರೆ. ಆಗುವುದಿಲ್ಲ. ಮೂರನೇ ಲೆವೆಲ್ ವಿಝಾರ್ಡ್ ಸಿದ್ಧ ಮಾಡಿಕೊಳ್ಳಬಹುದಾದ ಸ್ಪೆಲ್ ಮಾತ್ರ ಆ ಪುಸ್ತಕಕ್ಕೆ ಹೋಗುತ್ತದೆ.

ಇನ್ನೊಂದು ಏಟು: ಎರಡೂ ಕ್ಲಾಸ್ ನಾಲ್ಕಕ್ಕೆ ಮುಟ್ಟಿಲ್ಲ. ಆರನೇ ಲೆವೆಲ್ ಆದರೂ ಲೆವೆಲ್‌ನಿಂದ ಬರುವ ಒಂದೂ ಫೀಟ್ ಇಲ್ಲ, ಒಂದೂ ಸ್ಕೋರ್ ಏರಿಲ್ಲ. ಸಾದಾ ವಿಝಾರ್ಡ್ ನಾಲ್ಕರಲ್ಲೇ ಇಂಟೆಲಿಜೆನ್ಸ್ 18 ಮಾಡಿಕೊಂಡಿರುತ್ತಾನೆ. ಅವನ ಸೇವ್ ಡಿಸಿ (ಅವನ ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು ಶತ್ರು ದಾಳದಲ್ಲಿ ಮುಟ್ಟಬೇಕಾದ ಅಂಕ) 8 + ಪ್ರೊಫಿಷಿಯನ್ಸಿಯ 3 + ಇಂಟೆಲಿಜೆನ್ಸ್‌ನ 4 = 15. ಇವರ ವಿಝಾರ್ಡ್ ಸ್ಪೆಲ್‌ಗೆ 14, ಕ್ಲೆರಿಕ್ ಸ್ಪೆಲ್‌ಗೆ 13. ಸೇವ್‌ಗೆ +2 ಇರುವ ಶತ್ರು 15ರ ಎದುರು ನೂರಕ್ಕೆ 60 ಸಲ ಸೋಲುತ್ತಾನೆ, 13ರ ಎದುರು 50 ಸಲ. ಶೀಟಿನಲ್ಲಿ ಸಣ್ಣ ವ್ಯತ್ಯಾಸ. ಹೋಲ್ಡ್ ಪರ್ಸನ್ ಹಾಕಿದಾಗ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಸರಿ ಮಾಡುವುದು ಹೇಗೆ? ಸಮಪಾಲು ನಿಲ್ಲಿಸಿ. ಒಂದು ಕ್ಲಾಸನ್ನು ಮುಖ್ಯ ಮಾಡಿಕೊಂಡು ಮುಂದಿನ ಲೆವೆಲ್ ಎಲ್ಲ ಅದಕ್ಕೇ ಹಾಕಿ. ಈ ಶೀಟಿನಲ್ಲಿ ನಾನಾದರೆ ವಿಝಾರ್ಡ್‌ಗೆ ಹಾಕುತ್ತೇನೆ. ಏಳರಲ್ಲಿ ಮೊದಲ ಫೀಟ್, ಎಂಟರಲ್ಲಿ ಫೈರ್‌ಬಾಲ್. ಮೂರು ಲೆವೆಲ್ ತಡ. ಆ ತಡ ಹೋಗುವುದಿಲ್ಲ, ಆಟ ಮುಗಿಯುವವರೆಗೂ ಜೊತೆಗೇ ಬರುತ್ತದೆ. ಹೊಸದಾಗಿ ಕ್ಯಾರೆಕ್ಟರ್ ಮಾಡುವವರಿಗೆ ನನ್ನ ಸಲಹೆ ಇಷ್ಟೇ: ಎರಡನೇ ಕ್ಲಾಸ್ ಒಂದು ಲೆವೆಲ್, ಜಾಸ್ತಿ ಅಂದರೆ ಎರಡು. ಮತ್ತೆ ಮುಖ್ಯ ಕ್ಲಾಸ್ ಐದು ಮುಟ್ಟುವವರೆಗೆ ಅದರ ಸುದ್ದಿಗೇ ಹೋಗಬೇಡಿ. ಇದಕ್ಕೆ ಒಂದೇ ವಿನಾಯಿತಿ, ಆರ್ಮರ್‌ಗಾಗಿ ಮೊದಲೇ ತೆಗೆದುಕೊಳ್ಳುವ ಒಂದು ಲೆವೆಲ್.

ಅಲ್ಲಿಯವರೆಗೆ ದೊಡ್ಡ ಸ್ಲಾಟನ್ನು ಖಾಲಿ ಕೂರಿಸಬೇಡಿ. ಕೆಳಗಿನ ಸ್ಪೆಲ್‌ಗಳನ್ನೇ ಮೇಲಿನ ಸ್ಲಾಟ್‌ನಲ್ಲಿ ಹಾಕಿ, ಅದರಲ್ಲಿ ಲಾಭ ಇರುವುದನ್ನು ಮಾತ್ರ ಆರಿಸಿ. ಏಡ್ ಮೂರನೇ ಲೆವೆಲ್‌ನಲ್ಲಿ ಹಾಕಿದರೆ ಮೂವರಿಗೆ ತಲಾ 10 ಹಿಟ್ ಪಾಯಿಂಟ್, ಕಾನ್ಸಂಟ್ರೇಷನ್ ಬೇಡ. ಹೋಲ್ಡ್ ಪರ್ಸನ್ ಆದರೆ ಇಬ್ಬರ ಮೇಲೆ. ಸ್ಕಾರ್ಚಿಂಗ್ ರೇ ನಾಲ್ಕು ಕಿರಣ, ಎಲ್ಲ ತಗುಲಿದರೆ ಸರಾಸರಿ 28. ಫೈರ್‌ಬಾಲ್‌ನ ಸರಾಸರಿಯೂ 28, ಆದರೆ ಅದು ಗುಂಪಿನ ಮೇಲೆ, ಇದು ಒಬ್ಬನ ಮೇಲೆ. ಮ್ಯಾಜಿಕ್ ಮಿಸೈಲ್ ಐದು ಬಾಣ, ಸರಾಸರಿ ಹದಿನೇಳೂವರೆ, ಗುರಿ ತಪ್ಪುವ ಮಾತೇ ಇಲ್ಲ.

ಎರಡು ಸ್ಕೋರ್ ಸಾಕಬೇಕಾ?

ಮಲ್ಟಿಕ್ಲಾಸ್ ಮಾಡಲು ಎರಡೂ ಕ್ಲಾಸಿನ ಮುಖ್ಯ ಸ್ಕೋರ್ ಕನಿಷ್ಠ 13 ಇರಬೇಕು. ಅದು ಒಳಗೆ ಬರಲು ಟಿಕೆಟ್ ಮಾತ್ರ. ಒಂದೇ ಸ್ಕೋರ್ ಹಂಚಿಕೊಳ್ಳುವ ಜೋಡಿ ಆರಿಸಿದರೆ ಅರ್ಧ ತಲೆನೋವು ಹೋಗುತ್ತದೆ. ಕರಿಸ್ಮಾ ಕಡೆ ಸಾರ್ಸರರ್, ಬಾರ್ಡ್, ವಾರ್ಲಾಕ್, ಪ್ಯಾಲಡಿನ್. ವಿಸ್ಡಮ್ ಕಡೆ ಕ್ಲೆರಿಕ್, ಡ್ರೂಯಿಡ್, ರೇಂಜರ್. ಇಂಟೆಲಿಜೆನ್ಸ್ ಕಡೆ ವಿಝಾರ್ಡ್, ಆರ್ಟಿಫಿಸರ್.

ಈಗಾಗಲೇ ಬೇರೆ ಬೇರೆ ಸ್ಕೋರ್ ಇರುವ ಜೋಡಿ ಮಾಡಿದ್ದರೆ? ಕಡಿಮೆ ಸ್ಕೋರ್ ಇರುವ ಕಡೆಯಿಂದ ಡಿಸಿ ಕೇಳದ, ಅಟ್ಯಾಕ್ ರೋಲ್ ಕೇಳದ ಸ್ಪೆಲ್ ಮಾತ್ರ ಇಟ್ಟುಕೊಳ್ಳಿ. ಕ್ಲೆರಿಕ್ ಕಡೆಯಿಂದ ಬ್ಲೆಸ್, ಏಡ್. ವಿಝಾರ್ಡ್ ಕಡೆಯಿಂದ ಶೀಲ್ಡ್, ಅಬ್ಸಾರ್ಬ್ ಎಲಿಮೆಂಟ್ಸ್, ಮಿಸ್ಟಿ ಸ್ಟೆಪ್, ಮಿರರ್ ಇಮೇಜ್. ಇವು ಆ ಸ್ಕೋರ್ 13 ಇದ್ದರೂ 20 ಇದ್ದರೂ ಅಷ್ಟೇ ಕೆಲಸ ಮಾಡುತ್ತವೆ. ಪಟ್ಟಿ ಸೋಸಿದ ಮೇಲೆ ಕ್ಯಾರೆಕ್ಟರ್ ತಾನಾಗಿಯೇ ಚುರುಕಾಗುವುದನ್ನು ನೋಡಿದ್ದೇನೆ, ಒಂದು ಲೆವೆಲ್ಲೂ ಬದಲಾಯಿಸದೆ.

ಸ್ಪೆಲ್ ಹಾಕಿದ ಮರುಕ್ಷಣ ಹೋಗುತ್ತಿದೆ

ಇದು ಕಾನ್ಸಂಟ್ರೇಷನ್ ಕಾಯಿಲೆ. ಎರಡು ಕ್ಲಾಸ್ ಇದ್ದರೂ ಕಾನ್ಸಂಟ್ರೇಷನ್ ಒಂದೇ. ಎರಡನೆಯದು ಹಾಕಿದರೆ ಮೊದಲನೆಯದು ಹೋಯಿತು. ಎರಡೂ ಪುಸ್ತಕದಿಂದ ಚೆನ್ನಾಗಿ ಕಂಡದ್ದನ್ನೆಲ್ಲ ಆರಿಸಿಕೊಂಡರೆ ಅರ್ಧಕ್ಕರ್ಧ ಕಾನ್ಸಂಟ್ರೇಷನ್ ಸ್ಪೆಲ್‌ಗಳೇ ಬಂದಿರುತ್ತವೆ. ಬ್ಲೆಸ್, ವೆಬ್, ಹೋಲ್ಡ್ ಪರ್ಸನ್, ಹೆಕ್ಸ್, ಹಂಟರ್ಸ್ ಮಾರ್ಕ್, ಶೀಲ್ಡ್ ಆಫ್ ಫೇತ್, ಬ್ಲರ್. ಯಾರಿಗೂ ನೆನಪಿರದ ಕಳ್ಳ ಒಬ್ಬನಿದ್ದಾನೆ, ಗೈಡೆನ್ಸ್. ಕ್ಯಾಂಟ್ರಿಪ್ ಆದರೂ ಅದಕ್ಕೂ ಕಾನ್ಸಂಟ್ರೇಷನ್ ಬೇಕು.

ಪತ್ತೆ ಮಾಡುವ ಸುಲಭ ದಾರಿ: ಒಂದು ಫೈಟ್ ಪೂರ್ತಿ, ಪ್ರತಿ ಸುತ್ತಿನಲ್ಲಿ ಏನು ಮಾಡಿದಿರಿ ಅಂತ ಹಾಳೆಯಲ್ಲಿ ಬರೆಯಿರಿ. ಮೇಲಿನ ಕ್ಲೆರಿಕ್-ವಿಝಾರ್ಡ್ ಶೀಟಿನ ಒಂದು ಫೈಟ್ ಹೀಗೆ ಬರುತ್ತದೆ ಅಂದುಕೊಳ್ಳಿ. ಸುತ್ತು 1: ಬ್ಲೆಸ್. ಸುತ್ತು 2: ವೆಬ್, ಬ್ಲೆಸ್ ಹೋಯಿತು. ಸುತ್ತು 3: ಹಾಕಲು ಹೊಳೆಯದೆ ಕ್ಯಾಂಟ್ರಿಪ್, ಅಷ್ಟರಲ್ಲಿ ಓಗರ್ ಹೊಡೆದ, 13 ಡ್ಯಾಮೇಜ್, ಸೇವ್ ಸೋತಿತು, ವೆಬ್ ಕೂಡ ಹೋಯಿತು. ಸುತ್ತು 4: ಮತ್ತೆ ಕ್ಯಾಂಟ್ರಿಪ್. ಎರಡು ಸ್ಲಾಟ್ ಖರ್ಚು, ನಾಲ್ಕನೇ ಸುತ್ತಿಗೆ ಕೈಯಲ್ಲಿ ಉಳಿದದ್ದು ಏನೂ ಇಲ್ಲ.

ಅದೇ ಫೈಟ್, ಅದೇ ಶೀಟ್, ಹಳೆಯ ನಿಯಮ. ಸುತ್ತು 1: ಎರಡನೇ ಲೆವೆಲ್ ಸ್ಲಾಟ್‌ನಲ್ಲಿ ಬ್ಲೆಸ್, ನಾಲ್ವರಿಗೆ. ಸುತ್ತು 2: ಬೋನಸ್ ಆ್ಯಕ್ಷನ್‌ನಲ್ಲಿ ಸ್ಪಿರಿಚುಯಲ್ ವೆಪನ್, ಜೊತೆಗೆ ಕ್ಯಾಂಟ್ರಿಪ್. ಸುತ್ತು 3: ಸ್ಕಾರ್ಚಿಂಗ್ ರೇ, ಬೋನಸ್ ಆ್ಯಕ್ಷನ್‌ನಲ್ಲಿ ವೆಪನ್‌ನ ಪೆಟ್ಟು. ಬ್ಲೆಸ್ ಇನ್ನೂ ನಿಂತಿದ್ದರೆ ಆ ಕಿರಣಗಳಿಗೂ ಒಂದೊಂದು ಡಿ4 (ನಾಲ್ಕು ಮುಖದ ದಾಳ) ಸೇರುತ್ತದೆ. ಹೊಸ ನಿಯಮವಾದರೆ ಸ್ಪಿರಿಚುಯಲ್ ವೆಪನ್ ಬ್ಲೆಸ್‌ಗೇ ಅಡ್ಡ ಬರುತ್ತದೆ, ಎರಡನೇ ಸುತ್ತಿನಲ್ಲಿ ಮಿರರ್ ಇಮೇಜ್ ಹಾಕಿ. ಅದು ಇರುವಾಗ ಓಗರ್‌ನ ಎಷ್ಟೋ ಪೆಟ್ಟು ಬರೀ ನೆರಳಿಗೆ ಬೀಳುತ್ತದೆ.

ಸೇವ್ ಕೂಡ ನೋಡಿ. ಪೆಟ್ಟು ತಿಂದಾಗ ಕಾನ್‌ಸ್ಟಿಟ್ಯೂಷನ್ ಸೇವ್, ಡಿಸಿ 10 ಅಥವಾ ಡ್ಯಾಮೇಜಿನ ಅರ್ಧ, ಯಾವುದು ದೊಡ್ಡದೋ ಅದು. ಬೋನಸ್ +2 ಇದ್ದರೆ ಡಿಸಿ 10ರ ಎದುರು ನೂರಕ್ಕೆ 35 ಸಲ ಸೋಲು. ಪ್ರೊಫಿಷಿಯನ್ಸಿ +3 ಸೇರಿದರೆ 20. ಪ್ರೊಫಿಷಿಯನ್ಸಿ ಇಲ್ಲದೆ ವಾರ್ ಕ್ಯಾಸ್ಟರ್ ಫೀಟ್ (ಈ ಸೇವ್‌ಗೆ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು) ಮಾತ್ರ ಇದ್ದರೆ ಸುಮಾರು 12. ಈ ಪ್ರೊಫಿಷಿಯನ್ಸಿ ಸಿಗುವುದು ಮೊಟ್ಟಮೊದಲು ತೆಗೆದುಕೊಂಡ ಕ್ಲಾಸಿನಿಂದ ಮಾತ್ರ. ಸಾರ್ಸರರ್, ಫೈಟರ್, ಆರ್ಟಿಫಿಸರ್ ಆಗಿ ಶುರು ಮಾಡಿದವರಿಗೆ ಇರುತ್ತದೆ. ವಿಝಾರ್ಡ್ ಆಗಿ ಶುರು ಮಾಡಿ ಆಮೇಲೆ ಫೈಟರ್ ತೆಗೆದುಕೊಂಡರೆ ಸಿಗುವುದಿಲ್ಲ. ಅಂಥವರಿಗೆ ರೆಸಿಲಿಯೆಂಟ್ ಫೀಟ್ ದಾರಿ. ನನಗಂತೂ ಮುಂದೆ ನಿಂತು ಆಡುವ ಕ್ಯಾಸ್ಟರ್‌ಗೆ ಮೊದಲ ಫೀಟ್ ಇವೆರಡರಲ್ಲಿ ಒಂದಾಗಿರಬೇಕು, ಸ್ಕೋರ್ ಏರಿಸುವುದು ಆಮೇಲೆ.

"ಅದು ಆಗಲ್ಲ" ಅಂತ ಡಿಎಂ ಪದೇ ಪದೇ ತಡೆಯುತ್ತಿದ್ದರೆ

ಮೂರೇ ಜಾಗ ನೋಡಿ. ಒಂದು, ಆರ್ಮರ್. ಪ್ರೊಫಿಷಿಯನ್ಸಿ ಇಲ್ಲದ ಆರ್ಮರ್ ತೊಟ್ಟರೆ ಸ್ಪೆಲ್ಲೇ ಇಲ್ಲ. ಇದ್ದರೆ ಯಾವ ಕ್ಲಾಸಿನ ಸ್ಪೆಲ್ ಬೇಕಾದರೂ ಹಾಕಬಹುದು. ವಿಝಾರ್ಡ್ ಆಮೇಲೆ ಕ್ಲೆರಿಕ್ ಸೇರಿದರೂ ಮೀಡಿಯಂ ಆರ್ಮರ್, ಶೀಲ್ಡ್ ಸಿಗುತ್ತದೆ. ಆಮೇಲೆ ಸೇರಿದ ಫೈಟರ್‌ನಿಂದ ಹೆವಿ ಆರ್ಮರ್ ಮಾತ್ರ ಸಿಗುವುದಿಲ್ಲ.

ಎರಡು, ಕೈ. ಒಂದು ಕೈಯಲ್ಲಿ ಶೀಲ್ಡ್, ಇನ್ನೊಂದರಲ್ಲಿ ಗದೆ. ಶೀಲ್ಡ್ ಸ್ಪೆಲ್‌ಗೆ ಕೈಸನ್ನೆ ಬೇಕು, ಖಾಲಿ ಕೈ ಎಲ್ಲಿದೆ? ವಾರ್ ಕ್ಯಾಸ್ಟರ್ ಇದ್ದರೆ ಸರಿ. ಇಲ್ಲದಿದ್ದರೆ ಗದೆ ಸೊಂಟಕ್ಕೆ ಸಿಗಿಸಿ ಕ್ಯಾಂಟ್ರಿಪ್‌ನಲ್ಲೇ ಹೊಡೆಯಿರಿ, ಹೇಗೂ ಅದರ ಡ್ಯಾಮೇಜೇ ಜಾಸ್ತಿ. ಸ್ಪೆಲ್ ಸಾಮಗ್ರಿಯ ಬದಲಿಗೆ ಹಿಡಿಯುವ ಕ್ಲೆರಿಕ್‌ನ ಹೋಲಿ ಸಿಂಬಲ್ ವಿಝಾರ್ಡ್ ಸ್ಪೆಲ್‌ಗೆ ನಡೆಯುವುದಿಲ್ಲ. ಕಾಂಪೊನೆಂಟ್ ಪೌಚ್ (ಸಾಮಗ್ರಿಯ ಚೀಲ) ಎರಡಕ್ಕೂ ನಡೆಯುತ್ತದೆ.

ಮೂರು, ಬೋನಸ್ ಆ್ಯಕ್ಷನ್. 2014ರಲ್ಲಿ ಬೋನಸ್ ಆ್ಯಕ್ಷನ್‌ನಲ್ಲಿ ಸ್ಪೆಲ್ ಹಾಕಿದರೆ ಅದೇ ಸರದಿಯಲ್ಲಿ ಆ್ಯಕ್ಷನ್‌ಗೆ ಕ್ಯಾಂಟ್ರಿಪ್ ಮಾತ್ರ. ಹೀಲಿಂಗ್ ವರ್ಡ್ ಜೊತೆ ಫೈರ್‌ಬಾಲ್ ಇಲ್ಲ. 2024ರಲ್ಲಿ ಒಂದು ಸರದಿಗೆ ಒಂದೇ ಸ್ಲಾಟ್. ಎರಡರಲ್ಲೂ ಉತ್ತರ ಒಂದೇ ಬರುತ್ತದೆ.

ಶೀಟ್ ಸರಿ, ಆಟವೂ ಸರಿ, ಆದರೂ ವಾರ್ಲಾಕ್ ಸೊರಗಿದೆ

ಆಗ ಟೇಬಲ್ ಕಡೆ ನೋಡಿ. ನಾಲ್ಕು ಗಂಟೆಗೆ ಅಂತ ಮಾತಾಗಿರುತ್ತದೆ. ವೈಟ್‌ಫೀಲ್ಡ್‌ನಿಂದ ಜಯನಗರಕ್ಕೆ ಬರಬೇಕಾದವರು ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಕೊಂಡು ಐದೂವರೆಗೆ ಕಾಲಿಡುತ್ತಾರೆ. ಎಂಟಕ್ಕೆ ಜಾಗ ಬಿಡಬೇಕು. ಉಳಿದ ಸಮಯಕ್ಕೆ ಒಂದು ದೊಡ್ಡ ಫೈಟ್, ಆಮೇಲೆ ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ) ಅಂತ ಡಿಎಂ ಮುಗಿಸುತ್ತಾರೆ. ಇಂಥ ಟೇಬಲ್‌ನಲ್ಲಿ ಶಾರ್ಟ್ ರೆಸ್ಟ್ ಬರುವುದೇ ಅಪರೂಪ. ವಾರ್ಲಾಕ್ ಸೇರಿಸಿಕೊಂಡದ್ದೇ ಶಾರ್ಟ್ ರೆಸ್ಟ್‌ಗೆ ತುಂಬುವ ಸ್ಲಾಟ್‌ಗಾಗಿ ಅಂದರೆ ಆ ಎರಡು ಲೆವೆಲ್ ದಂಡ. ಎಲ್ಡ್ರಿಚ್ ಬ್ಲಾಸ್ಟ್ ಮತ್ತು ಅದಕ್ಕೆ ಕರಿಸ್ಮಾ ಸೇರಿಸುವ ಇನ್ವೊಕೇಷನ್‌ಗಾಗಿ (ವಾರ್ಲಾಕ್‌ನ ವಿಶೇಷ ಶಕ್ತಿ) ಆದರೆ ಪರವಾಗಿಲ್ಲ, ಅವಕ್ಕೆ ರೆಸ್ಟ್ ಬೇಡ.

ಇದಕ್ಕೆ ಉಲ್ಟಾ ದೋಷವೂ ಇದೆ. ವಾರ್ಲಾಕ್ ಸ್ಲಾಟನ್ನು ಸಾರ್ಸರಿ ಪಾಯಿಂಟ್ (ಸಾರ್ಸರರ್‌ನ ಮಂತ್ರಶಕ್ತಿಯ ಅಂಕ) ಮಾಡಿ, ಅದರಿಂದ ಹೊಸ ಸ್ಲಾಟ್ ಮಾಡಿ, ಮಲಗದೆ ಶಾರ್ಟ್ ರೆಸ್ಟ್ ಮೇಲೆ ಶಾರ್ಟ್ ರೆಸ್ಟ್ ತೆಗೆದುಕೊಳ್ಳುವ ಕಾಫಿಲಾಕ್ ಬಿಲ್ಡ್. ಕಾಗದದ ಮೇಲೆ ಭಯಂಕರ. 2017ರಲ್ಲಿ ಬಂದ ಐಚ್ಛಿಕ ನಿಯಮದ ಪ್ರಕಾರ 24 ಗಂಟೆ ಲಾಂಗ್ ರೆಸ್ಟ್ ಇಲ್ಲದಿದ್ದರೆ ಸೇವ್ ಮಾಡಬೇಕು, ಸೋತರೆ ಎಕ್ಸಾಸ್ಚನ್, ಅಂದರೆ ಸುಸ್ತಿನ ದಂಡ. ಡಿಎಂ ಆ ನಿಯಮ ಬಳಸುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಆ ನಿಯಮ ಇಲ್ಲದಿದ್ದರೂ ಉಳಿದ ಐವರನ್ನು ಕಾಯಿಸಿ ಒಬ್ಬರೇ ಸ್ಲಾಟ್ ಎಣಿಸುತ್ತಾ ಕೂರುವ ಆಟ ನನಗೆ ಹಿಡಿಸುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ

ಡಿಎಂ ಹತ್ತಿರ ಹೋಗಿ. "ನನ್ ಕ್ಯಾರೆಕ್ಟರ್ ವೇಸ್ಟ್" ಅಂತ ಹೇಳಿದರೆ ಅವರೂ ಏನು ಮಾಡಿಯಾರು? ಏನು ಬೇಕು ಅಂತ ಬಿಡಿಸಿ ಕೇಳಿ. ಕ್ಲೆರಿಕ್‌ನ ಎರಡು ಲೆವೆಲ್ ವಿಝಾರ್ಡ್‌ಗೆ ತಿರುಗಿಸಬಹುದಾ, ಕಥೆಯಲ್ಲಿ ಅದಕ್ಕೆ ಒಂದು ಕಾರಣ ನಾನೇ ಬರೆದು ತರುತ್ತೇನೆ ಅಂತ. ಸುತ್ತು ಸುತ್ತಿನ ಲೆಕ್ಕದ ಆ ಹಾಳೆಯನ್ನೂ ತೋರಿಸಿ. ಒಪ್ಪದಿದ್ದರೂ ಸಣ್ಣ ದಾರಿ ಉಳಿದಿದೆ. ಕ್ಲೆರಿಕ್, ಡ್ರೂಯಿಡ್, ವಿಝಾರ್ಡ್ ಆದರೆ ಲಾಂಗ್ ರೆಸ್ಟ್ ಆದ ಮೇಲೆ ಸಿದ್ಧ ಮಾಡಿಕೊಂಡ ಸ್ಪೆಲ್ ಬದಲಾಯಿಸಬಹುದು, ಯಾರನ್ನೂ ಕೇಳಬೇಕಿಲ್ಲ. ಸಾರ್ಸರರ್, ಬಾರ್ಡ್, ವಾರ್ಲಾಕ್ ಆದರೆ ಆ ಕ್ಲಾಸಿನಲ್ಲಿ ಲೆವೆಲ್ ಏರಿದಾಗ ಒಂದು ಸ್ಪೆಲ್ ಬಿಟ್ಟು ಇನ್ನೊಂದು ತೆಗೆದುಕೊಳ್ಳಬಹುದು. ಮೊದಲು ಬಿಡಬೇಕಾದದ್ದು ಪಟ್ಟಿಯಲ್ಲಿರುವ ಮೂರನೇ ಕಾನ್ಸಂಟ್ರೇಷನ್ ಸ್ಪೆಲ್.